ಹಳೆ ಪಿಕಪ್‌ನ ಡ್ಯಾಶ್‌ಬೋರ್ಡ್ ಬಾಕ್ಸ್ ಲಾಕ್ ಜಾಮ್ ಆಗಿದ್ಯಾ? ಸ್ಕ್ರೂ ಡ್ರೈವರ್ ಹಾಕಿ ಮೀಟೋಕ್ ಮುಂಚೆ ಇದನ್ನ ಓದಿ

ನಮ್ ಕಡೆ, ಅಂದ್ರೆ ಮೂಡಿಗೆರೆ, ಆಲ್ದೂರು, ಬೇಲೂರು, ಸಕಲೇಶಪುರ ಸುತ್ತಮುತ್ತ ತೋಟ ಇರೋ ಮನೇಲಿ ಒಂದು ಹಳೆ ಪಿಕಪ್ ಇದ್ದೇ ಇರುತ್ತೆ. ಗೊಬ್ಬರ ತರೋಕೂ ಅದೇ, ಶುಂಠಿ ಸಾಗಿಸೋಕೂ ಅದೇ, ಕಾಫಿ ಮೂಟೆ ಕ್ಯೂರಿಂಗಿಗೆ ಹಾಕೋಕೂ ಅದೇ. ಬ್ರೇಕ್ ಹೋದ್ರೆ ಅವತ್ತೇ ಗ್ಯಾರೇಜಿಗೆ ಓಡ್ತೀವಿ, ಆದ್ರೆ ಡ್ಯಾಶ್‌ಬೋರ್ಡ್ ಬಾಕ್ಸ್ ಲಾಕ್ ಸ್ವಲ್ಪ ಬಿಗಿ ಬರ್ತಿದೆ ಅಂದ್ರೆ ಯಾರೂ ತಲೆ ಕೆಡಿಸ್ಕೊಳಲ್ಲ, ಎಫ್‌ಸಿಗೆ, ಅಂದ್ರೆ ಆರ್‌ಟಿಓ ಫಿಟ್‌ನೆಸ್ ಸರ್ಟಿಫಿಕೇಟಿಗೆ ಹೋಗೋ ಹಿಂದಿನ ದಿನ ಪೇಪರ್ ತೆಗೆಯೋಕ್ ಹೋದಾಗ್ಲೇ ಗೊತ್ತಾಗೋದು ಅದು ತೆಗೆಯೋದೇ ಇಲ್ಲ ಅಂತ. 8 ವರ್ಷ ದಾಟಿದ ಯೆಲ್ಲೋ ಬೋರ್ಡ್ ಗಾಡಿಗೆ ವರ್ಷ ವರ್ಷಾನೂ ಎಫ್‌ಸಿ ಮಾಡಿಸ್ಬೇಕು, ಅಂದ್ರೆ ವರ್ಷಕ್ಕೊಂದ್ಸಲನಾದ್ರೂ ಈ ತಲೆನೋವು ಬಂದೇ ಬರುತ್ತೆ.

ಆಮೇಲೆ ಏನಾಗುತ್ತೆ, ಒಬ್ಬರು ಕೀನ ಪ್ಲೇಯರ್‌ನಲ್ಲಿ ಹಿಡಿದು ತಿರುಗಿಸ್ತಾರೆ, ಕೀ ಮುರಿಯುತ್ತೆ. ಇನ್ನೊಬ್ಬರು ದೊಡ್ಡ ಸ್ಕ್ರೂ ಡ್ರೈವರ್ ಹಾಕಿ ಮೀಟ್ತಾರೆ, ಮುಚ್ಚಳ ಸೀಳುತ್ತೆ, ಡ್ಯಾಶ್‌ಬೋರ್ಡ್ ಅಂಚು ಬಿಳಿಚ್ಕೊಂಡ್ ನಿಲ್ಲುತ್ತೆ. ಹಳೆ ಪ್ಲಾಸ್ಟಿಕ್ ಬಿಸಿಲು ತಿಂದು ತಿಂದು ಅಷ್ಟು ಗಡುಸಾಗಿರುತ್ತೆ, ಬಗ್ಗಲ್ಲ, ಒಡೆಯುತ್ತೆ ಅಷ್ಟೇ. ನಾನ್ ಹೇಳೋದ್ ಇಷ್ಟೇ, ಬೀಗ ಜಾಮ್ ಅಂತ ನಾವು ಅನ್ಕೊಳೋದ್ರಲ್ಲಿ ಬಹಳಷ್ಟು ಸಲ ಬೀಗ ಕೆಟ್ಟೇ ಇರಲ್ಲ, ಒಳಗೆ ಸಾಮಾನು ತುಂಬಿ ಮುಚ್ಚಳ ಒತ್ತಡದಲ್ಲಿರುತ್ತೆ ಇಲ್ಲ ಅಂದ್ರೆ ಬೀಗದ ಒಳಗೆ ಕೊಳೆ ಕೂತಿರುತ್ತೆ. ಯಾವುದು ಅಂತ ಮೊದ್ಲು ಪತ್ತೆ ಮಾಡಿ, ಆಮೇಲೆ ಕೈ ಹಾಕಿ.

ಒಂದ್ ಮಾತು ಈಗ್ಲೇ ಹೇಳ್ಬಿಡ್ತೀನಿ. ಇದು ನಿಮ್ಮ ಗಾಡಿಗೆ, ಇಲ್ಲ ಮಾಲೀಕರು ಹೇಳಿ ಕೊಟ್ಟಿರೋ ಗಾಡಿಗೆ ಮಾತ್ರ. ಕೀ ಮಾಡೋರ ಹತ್ರ ಹೋದ್ರೂ ಸರಿಯಾದವ್ರು ಆರ್‌ಸಿ ತೋರ್ಸಿ ಅಂತಾರೆ, ಆರ್‌ಸಿ ಆ ಬಾಕ್ಸ್ ಒಳಗೇ ಇದೆ ಅಂತ ನೀವ್ ಹಲ್ಲು ಕಿರಿಬೇಕಾಗುತ್ತೆ. ಹಾಗಾಗಿ ಫೋನಿನಲ್ಲಿ ಎಂಪರಿವಾಹನ್ ಇಲ್ಲ ಡಿಜಿಲಾಕರ್ ಅನ್ನೋ ಸರ್ಕಾರಿ ಆ್ಯಪ್ ಹಾಕ್ಕೊಂಡು ಆರ್‌ಸಿ ಇಳಿಸಿಟ್ಕೊಳ್ಳಿ. ಈ ಎರಡರಲ್ಲಿರೋ ದಾಖಲೆನ ಒರಿಜಿನಲ್ ಥರಾನೇ ಒಪ್ಕೋಬೇಕು ಅಂತ 2018ರಲ್ಲೇ ಕೇಂದ್ರ ಸಾರಿಗೆ ಇಲಾಖೆ ಹೇಳಿದೆ, ಹಾಗಾಗಿ ಬಾಕ್ಸ್ ತೆಗೆಯೋವರೆಗೂ ಚೆಕ್‌ಪೋಸ್ಟ್‌ನಲ್ಲಿ ಹಿಡಿದ್ರೂ ಭಯ ಪಡಬೇಕಾಗಿಲ್ಲ. ಗಾಬರಿ ಹೋದ್ರೆ ಅರ್ಧ ಕೆಲಸ ಮುಗೀತು, ಯಾಕಂದ್ರೆ ಈ ಕೆಲಸ ಕೆಡೋದೇ ಅವಸರದಿಂದ.

ಬೀಗದ ಒಳಗೆ ಏನಿರುತ್ತೆ

ಇದೊಂದು ಸ್ವಲ್ಪ ತಾಳ್ಮೆಯಿಂದ ಓದಿ, ಇದು ಗೊತ್ತಾದ್ರೆ ಮುಂದಿನದ್ದೆಲ್ಲ ತಾನಾಗೇ ಅರ್ಥ ಆಗುತ್ತೆ. ಡ್ಯಾಶ್‌ಬೋರ್ಡ್ ಬಾಕ್ಸಿಗೆ ಹಾಕಿರೋದು ಸಾಮಾನ್ಯವಾಗಿ ವೇಫರ್ ಲಾಕ್. ಹೊರಗಡೆ ಒಂದು ಗೂಡು, ಅದರೊಳಗೆ ತಿರುಗೋ ಒಂದು ಸಿಲಿಂಡರ್. ಆ ಸಿಲಿಂಡರ್‌ಗೆ ಅಡ್ಡಡ್ಡ ಸೀಳು ಮಾಡಿ ಅವಲಕ್ಕಿಯಷ್ಟು ತೆಳು ಇರೋ ಹಿತ್ತಾಳೆ ಬಿಲ್ಲೆಗಳನ್ನ ಸಾಲಾಗಿ ಕೂರ್ಸಿರ್ತಾರೆ, ಒಂದೊಂದು ಬಿಲ್ಲೆಗೂ ಒಂದೊಂದು ಸಣ್ಣ ಸ್ಪ್ರಿಂಗ್. ಕೀ ಹಾಕಿಲ್ದಾಗ ಸ್ಪ್ರಿಂಗ್ ಬಿಲ್ಲೆನ ಹೊರಗೆ ತಳ್ಳಿ ಗೂಡಿನ ಕಚ್ಚಿಗೆ ಸಿಗಿಸಿರುತ್ತೆ, ಅದಕ್ಕೇ ತಿರುಗಲ್ಲ. ಸರಿಯಾದ ಕೀ ಹೋದಾಗ ಅದರ ಹಲ್ಲುಗಳು ಎಲ್ಲಾ ಬಿಲ್ಲೆಗಳನ್ನೂ ಒಂದೇ ಮಟ್ಟಕ್ಕೆ ತರುತ್ತೆ, ಆಗ ಸಿಲಿಂಡರ್ ತಿರುಗುತ್ತೆ. ಒಂದೇ ಒಂದು ಬಿಲ್ಲೆ ಅರ್ಧಕ್ಕೆ ಸಿಕ್ಕಾಕ್ಕೊಂಡ್ರೂ ಸಾಕು, ನೀವು ಎಷ್ಟೇ ಬಲ ಹಾಕಿ, ಮುರಿಯೋದು ಕೀನೇ.

ಸಿಲಿಂಡರ್ ಹಿಂದುಗಡೆ ಏನಿದೆ ಅನ್ನೋದು ಗಾಡಿಯಿಂದ ಗಾಡಿಗೆ ಬೇರೆ. ಮುಖ್ಯವಾಗಿ ಎರಡು ಥರ. ಒಂದರಲ್ಲಿ ಕೀ ತಿರುಗಿಸಿದ್ರೆ ಹಿಂದಿರೋ ಕಬ್ಬಿಣದ ಪಟ್ಟಿ ತಿರುಗುತ್ತೆ, ಆ ಪಟ್ಟಿನೇ ಡ್ಯಾಶ್‌ಬೋರ್ಡ್ ಅಂಚಿಗೆ ಸಿಕ್ಕಿರುತ್ತೆ, ಆಫೀಸ್ ಟೇಬಲ್ ಡ್ರಾಯರ್‌ಗೂ ಇದೇ ಬೀಗ, ಅಂಗಡೀಲಿ ಕ್ಯಾಮ್ ಲಾಕ್ ಅಂತ ಕೇಳಿ. ಇನ್ನೊಂದರಲ್ಲಿ ಗುಂಡಿ ಇಲ್ಲ ಹಿಡಿ ಇರುತ್ತೆ, ಒತ್ತಿದ್ರೆ ಸ್ಪ್ರಿಂಗ್ ಇರೋ ನಾಲಿಗೆ ಹಿಂದಕ್ಕೆ ಸರಿದು ಮುಚ್ಚಳ ಬಿಡುತ್ತೆ, ಕೀ ಮಾಡೋದು ಏನಂದ್ರೆ ಆ ಗುಂಡಿನ ಒತ್ತೋಕಾಗದ ಹಾಗೆ ತಡೆಯೋದು ಅಷ್ಟೇ. ನಿಮ್ಮದು ಯಾವುದು ಅಂತ ಗೊತ್ತಾಗೋದ್ ಸುಲಭ: ಮುಚ್ಚಳನ ಸುಮ್ನೆ ದಬ್ಬಿದ್ರೆ ಟಕ್ ಅಂತ ತಾನೇ ಕೂತ್ಕೊಳ್ತಿತ್ತು ಅಂದ್ರೆ ಸ್ಪ್ರಿಂಗ್ ನಾಲಿಗೆ, ಮುಚ್ಚಿ ಕೀ ತಿರುಗಿಸಿದ್ರೆ ಮಾತ್ರ ನಿಲ್ತಿತ್ತು ಅಂದ್ರೆ ಕ್ಯಾಮ್ ಲಾಕ್.

ನಮ್ಮ ಊರಲ್ಲಿ ಇದು ಜಾಸ್ತಿ ಕೆಡೋಕೆ ಕಾರಣಾನೂ ಇದೆ. ಕುಯ್ಲಿನ ಟೈಮಲ್ಲಿ ತೋಟದ ರಸ್ತೆಯ ಕೆಂಪು ಧೂಳು ಕೀ ತೂತಿನೊಳಗೆ ಹೋಗಿ ಕೂರುತ್ತೆ, ಜೂನ್ ಬಂತು ಅಂದ್ರೆ ಮಳೆ ಶೀತ, ತಿಂಗಳುಗಟ್ಲೆ ಕ್ಯಾಬಿನ್ ಒಳಗೆ ತೇವ ಆರೋದೇ ಇಲ್ಲ. ಈ ಬೀಗಗಳ ಗೂಡು ಬಹುತೇಕ ಸತುವಿನ ಎರಕ, ತೇವಕ್ಕೆ ಅದ್ರ ಮೇಲೆ ಬಿಳಿ ಪುಡಿ ಬರುತ್ತೆ, ಧೂಳು ಜೊತೆ ಸೇರಿ ಸಿಮೆಂಟ್ ಹಿಡಿದಂಗೆ ಗಟ್ಟಿ ಆಗುತ್ತೆ. ಸಾಲದು ಅಂತ ಯಾರೋ ಒಬ್ರು ಕೊಬ್ಬರಿ ಎಣ್ಣೆ ಬಿಟ್ಟಿರ್ತಾರೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೋದ್ರೆ ಹೆಪ್ಪುಗಟ್ಟುತ್ತೆ, ಚಿಕ್ಕಮಗಳೂರಲ್ಲಿ ಡಿಸೆಂಬರ್ ಬೆಳಿಗ್ಗೆ ಬಾತ್‌ರೂಮ್ ಬಾಟ್ಲಲ್ಲಿ ಅದು ಹೆಂಗಿರುತ್ತೆ ಅಂತ ಎಲ್ರಿಗೂ ಗೊತ್ತು, ಬೀಗದೊಳಗೂ ಹಂಗೇ ಇರುತ್ತೆ. ಮಧ್ಯಾಹ್ನ ತೆಗೆಯುತ್ತೆ ಬೆಳಿಗ್ಗೆ ತೆಗೆಯಲ್ಲ ಅನ್ನೋ ಗಾಡಿಗಳಲ್ಲಿ ಇದನ್ನ ಮೊದ್ಲು ಅನುಮಾನಿಸಿ.

ಮೊದ್ಲು ಪತ್ತೆ ಮಾಡಿ, ಯಾವುದು ಕೈ ಕೊಟ್ಟಿರೋದು

ಕೀನ ಎರಡೇ ಬೆರಳಲ್ಲಿ ಹಿಡಿದು ಹಾಕಿ ನೋಡಿ, ಪ್ಲೇಯರ್ ಬೇಡ. ಕೀ ಪೂರ್ತಿ ಒಳಗೆ ಹೋಗ್ತಿಲ್ಲ ಅಂದ್ರೆ ಒಳಗೆ ಕೊಳೆ ಇದೆ ಇಲ್ಲ ಏನೋ ಮುರ್ಕೊಂಡ್ ಕೂತಿದೆ. ಪೂರ್ತಿ ಹೋಯ್ತು ಆದ್ರೆ ಒಂಚೂರೂ ತಿರುಗ್ತಿಲ್ಲ ಅಂದ್ರೆ ಬಿಲ್ಲೆ ಸಿಕ್ಕಾಕ್ಕೊಂಡಿದೆ, ಕೀ ಸವೆದಿದೆ, ಇಲ್ಲ ಮುಚ್ಚಳದ ಒತ್ತಡ. ಸ್ವಲ್ಪ ತಿರುಗಿ ಗಟ್ಟಿಯಾಗಿ ನಿಲ್ಲುತ್ತೆ ಅಂದ್ರೆ ನೂರಕ್ಕೆ ತೊಂಬತ್ತು ಒತ್ತಡಾನೇ. ಕೀ ಆರಾಮಾಗಿ ತಿರುಗುತ್ತೆ ಆದ್ರೆ ಮುಚ್ಚಳ ಬಿಡ್ತಿಲ್ಲ ಅಂದ್ರೆ ಬೀಗಕ್ಕೂ ಇದಕ್ಕೂ ಸಂಬಂಧಾನೇ ಇಲ್ಲ, ಹಿಂದಿನ ಪಟ್ಟಿ ಸ್ಕ್ರೂ ಕಳಚಿದೆ ಇಲ್ಲ ನಾಲಿಗೆ ಸಿಕ್ಕಿದೆ. ಕೀ ಸುತ್ತಾ ಸುತ್ತುತ್ತೆ ನಿಲ್ಲೋದೇ ಇಲ್ಲ ಅಂದ್ರೂ ಅದೇ.

ಇನ್ನೊಂದು ವಿಷ್ಯ, ಸೆಕೆಂಡ್ ಹ್ಯಾಂಡ್ ತಗೊಂಡಿರೋ ಗಾಡಿ ಆದ್ರೆ ನಿಮ್ಮ ಕೈಲಿರೋ ಕೀ ಆ ಬೀಗದ್ದೇನಾ ಅಂತ ಮೊದ್ಲು ಖಾತ್ರಿ ಮಾಡ್ಕೊಳ್ಳಿ. ಮೂರು ಕೈ ಬದಲಾದ ಪಿಕಪ್‌ನಲ್ಲಿ ಇಗ್ನಿಷನ್‌ಗೊಂದು, ಬಾಗ್ಲಿಗೊಂದು, ಬಾಕ್ಸಿಗೊಂದು ಕೀ ಇರೋದು ಮಾಮೂಲಿ. ಹಳೆ ಮಾಲೀಕರಿಗೆ ಒಂದ್ ಫೋನ್ ಹಾಕಿ, ಎಷ್ಟೋ ಸಲ "ಓ ಅದಾ, ಆ ಕೀ ನಮ್ಮನೆ ಗೂಟದಲ್ಲೇ ನೇತಾಡ್ತಿದೆ ಕಣಣ್ಣ" ಅಂತಾರೆ.

ಒತ್ತಡ ತೆಗೆಯೋದು

ಎಲ್ಲಕ್ಕಿಂತ ಮೊದ್ಲು ಮಾಡೋ ಕೆಲಸ ಇದು, ಕೆಳಗಿನ ಸ್ಪ್ರೇ ಗಿಪ್ರೇ ಎಲ್ಲಾ ಆಮೇಲೆ. ಬಾಕ್ಸ್ ಒಳಗೆ ಏನೇನು ತುಂಬಿರ್ತೀವಿ ಅಂತ ಯೋಚ್ನೆ ಮಾಡಿ, ಪೇಪರ್ ಫೈಲು, ಸ್ಪಾನರ್, ಹಳೇ ಬಲ್ಬು, ಔಷಧಿ ಅಂಗಡಿ ಬಿಲ್ಲು, ಒಂದು ಟಾರ್ಚು, ಮಡಚಿದ ರೈನ್‌ಕೋಟು. ಘಾಟಿ ರಸ್ತೆಲಿ ಕುಲುಕಿ ಕುಲುಕಿ ಇವೆಲ್ಲಾ ಮುಂದಕ್ಕೆ ಬಂದು ಮುಚ್ಚಳನ ಒಳಗಿಂದ ತಳ್ತಿರುತ್ತೆ, ಆ ತಳ್ಳೋ ಭಾರ ಪೂರ್ತಿ ನಾಲಿಗೆ ಮೇಲೆ ಬೀಳುತ್ತೆ. ನಾಲಿಗೆ ಬಿಗಿಯಾಗಿ ಅಂಚಿಗೆ ಒತ್ಕೊಂಡಿದ್ರೆ ಕೀ ತಿರುಗೋದಾದ್ರೂ ಹೆಂಗೆ.

ಒಬ್ರು ಅಂಗೈ ಪೂರ್ತಿ ಇಟ್ಟು ಮುಚ್ಚಳನ ಬೀಗದ ಪಕ್ಕದಲ್ಲೇ ಒಳಗಡೆಗೆ ಒತ್ತಿ ಹಿಡೀಬೇಕು, ಇನ್ನೊಬ್ರು ಕೀ ತಿರುಗಿಸ್ಬೇಕು. ಒಬ್ಬರೇ ಇದ್ರೆ ಮೊಣಕಾಲಲ್ಲಿ ಒತ್ತಿ. ಮುಚ್ಚಳ ಕೆಳಗೆ ಜೋತು ಬಿದ್ದಿರೋ ಹಾಗೆ ಕಂಡ್ರೆ, ಹಳೆ ಗಾಡಿಗಳಲ್ಲಿ ಕೆಳಗಿನ ಹಿಂಜ್ ಸವೆದು ಹಂಗಾಗುತ್ತೆ, ಒತ್ತೋದ್ರ ಜೊತೆಗೆ ಮೇಲಕ್ಕೂ ಎತ್ತಿ ಹಿಡಿದು ಟ್ರೈ ಮಾಡಿ, ಆಮೇಲೆ ಎಡಕ್ಕೆ, ಬಲಕ್ಕೆ. ಮಧ್ಯ ಮಧ್ಯ ಮುಷ್ಟಿಯ ಪಕ್ಕದಿಂದ ಬೀಗದ ಸುತ್ತ ಒಂದೆರಡು ಸಣ್ಣ ಏಟು ಕೊಡಿ, ಜೋರಾಗಲ್ಲ, ಒಳಗಿನ ಸಾಮಾನು ಹಿಂದಕ್ಕೆ ಸರಿಯೋ ಅಷ್ಟು. ಗಾಡಿನ ಮೂಗು ಮೇಲೆ ಬರೋ ಥರ ಏರಿಗೆ ನಿಲ್ಲಿಸಿ ಕಲ್ಲು ಕೊಟ್ಟು ಹ್ಯಾಂಡ್‌ಬ್ರೇಕ್ ಹಾಕೋದು ಇಲ್ಲಿ ಉಲ್ಟಾ ಕೆಲಸ ಮಾಡುತ್ತೆ, ಸಾಮಾನೆಲ್ಲ ಮುಚ್ಚಳದ ಕಡೆಗೇ ಬರುತ್ತೆ, ಮೂಗು ಇಳಿಜಾರಿಗೆ ಇದ್ರೆ ಸಾಮಾನು ಮುಚ್ಚಳ ಬಿಟ್ಟು ಇಂಜಿನ್ ಕಡೆ ಜಾರುತ್ತೆ. ಸಣ್ಣ ವಿಷ್ಯ, ಆದ್ರೆ ಫಲ ಕೊಡುತ್ತೆ.

ಗುಂಡಿ ಥರದ್ದಾದ್ರೆ ಒತ್ತಿ ಹಿಡಿದಿರೋವಾಗ್ಲೇ ಗುಂಡಿನೂ ಒತ್ತಿ, ಆಮೇಲೆ ಮುಚ್ಚಳ ಬಿಡಿ. ಬಹಳ ಜನ ಗುಂಡಿ ಒತ್ಕೊಂಡು ಮುಚ್ಚಳನ ತಮ್ಮ ಕಡೆಗೆ ಎಳೀತಾರೆ, ಎಳೆದಷ್ಟೂ ಬಿಗಿಯಾಗುತ್ತೆ.

ಕೊಳೆ ತೆಗೆಯೋದು

ಒತ್ತಡದಿಂದ ಅಲ್ಲ ಅಂತ ಗೊತ್ತಾದ್ಮೇಲೆ ಇದು. ಮೊದ್ಲು ಗಾಳಿ, ಆಮೇಲೆ ಸ್ಪ್ರೇ, ಈ ಕ್ರಮ ಬದಲಾಯಿಸ್ಬೇಡಿ. ಒಣ ಧೂಳಿದ್ದಾಗ್ಲೇ ಎಣ್ಣೆ ಹೊಡೆದ್ರೆ ಕೆಸರಾಗುತ್ತೆ. ಪಂಕ್ಚರ್ ಅಂಗಡಿಗೆ ಹೋಗಿ ಏರ್ ಹೊಡೆಸಿ, ಕೀ ತೂತಿಗೆ ಸ್ವಲ್ಪ ಓರೆಯಾಗಿ ಹಿಡಿದ್ರೆ ಧೂಳು ಹೊರಗೆ ಬರುತ್ತೆ, ನೇರ ಹಿಡಿದ್ರೆ ಇನ್ನೂ ಒಳಗೆ ಹೋಗುತ್ತೆ, ಮತ್ತೆ ಕಣ್ಣಿಗೆ ಕನ್ನಡಕ ಇಲ್ದೆ ಮುಖ ಹತ್ರ ಇಡ್ಬೇಡಿ. ಕೆಲವು ಬೀಗದ ಬಾಯಿಗೆ ಧೂಳು ತಡೆಯೋಕೆ ಸಣ್ಣ ಬಾಗಿಲು ಇರುತ್ತೆ, ಅದೇ ತುಕ್ಕು ಹಿಡಿದು ಅರ್ಧ ಮುಚ್ಕೊಂಡಿದ್ರೆ ಕೀ ಹೋಗಲ್ಲ, ಸೇಫ್ಟಿ ಪಿನ್ನಲ್ಲಿ ಮೆಲ್ಲಗೆ ಆಡಿಸಿದ್ರೆ ಬಿಡುತ್ತೆ.

ಆಮೇಲೆ ಸ್ಪ್ರೇ. ಹಾರ್ಡ್‌ವೇರ್ ಅಂಗಡೀಲಿ ಸಿಗೋ ಡಬ್ಲ್ಯೂಡಿ-40 ಆಗುತ್ತೆ, ಇಲ್ಲ ಯಾವುದೇ ತುಕ್ಕು ಬಿಡಿಸೋ ಸ್ಪ್ರೇ. ಡಬ್ಬಿ ಜೊತೆ ಬರೋ ಕೆಂಪು ನಳಿಗೆನ ಕೀ ತೂತಿಗೆ ಇಟ್ಟು ಎರಡೇ ಸೆಕೆಂಡು ಹೊಡೀರಿ, ಕೆಳಗೆ ಬಟ್ಟೆ ಹಿಡ್ಕೊಳ್ಳಿ. ಬಾಗ್ಲು ಎರಡೂ ತೆಗೆದಿರ್ಲಿ, ಬೀಡಿ ಸಿಗರೇಟ್ ದೂರ. ಹೊಡೆದ ತಕ್ಷಣ ತಿರುಗಿಸೋಕ್ ಹೋಗ್ಬೇಡಿ, ಹೋಗಿ ಒಂದ್ ಕಾಫಿ ಕುಡ್ಕೊಂಡ್ ಬನ್ನಿ, ಹತ್ತು ಹದಿನೈದು ನಿಮಿಷ ನೆನೀಲಿ. ಬಂದು ಕೀನ ಒಳಗೆ ಹೊರಗೆ ಆಡಿಸಿ, ತಿರುಗಿಸ್ದೇನೇ, ಬರೀ ಒಳಗೆ ಹೊರಗೆ, ಇಪ್ಪತ್ತು ಸಲ. ಒಂದೊಂದ್ಸಲ ಹೊರಗೆ ತೆಗೆದಾಗ್ಲೂ ಕೀನ ಬಟ್ಟೇಲಿ ಒರೆಸಿ, ಕರೀ ಕೊಳೆ ಬರ್ತಿರುತ್ತೆ. ಹೀಗೆ ಆಡಿಸೋದ್ರಿಂದಾನೇ ಸಿಕ್ಕಿರೋ ಬಿಲ್ಲೆ ಮೇಲೆ ಕೆಳಗೆ ಓಡಾಡಿ ಬಿಡೋದು, ಸ್ಪ್ರೇ ಒಂದೇ ಏನೂ ಪವಾಡ ಮಾಡಲ್ಲ. ಕೀ ಸ್ವಚ್ಛ ಬರೋವರೆಗೂ ಮತ್ತೆ ಸ್ಪ್ರೇ, ಮತ್ತೆ ಆಡಿಸೋದು. ಆಮೇಲೆ ಮುಚ್ಚಳ ಒತ್ತಿ ಹಿಡಿದು, ಮೊದ್ಲು ಲಾಕ್ ಆಗೋ ಕಡೆಗೆ ಒಂಚೂರು, ಆಮೇಲೆ ತೆಗೆಯೋ ಕಡೆಗೆ, ಹಿಂಗೆ ಮೆಲ್ಲಗೆ ಆಚೆ ಈಚೆ ಮಾಡಿ.

ಸ್ಪ್ರೇ ಬಗ್ಗೆ ಒಂದ್ ತಪ್ಪು ತಿಳುವಳಿಕೆ ಇದೆ. ಡಬ್ಲ್ಯೂಡಿ-40 1953ರಲ್ಲಿ ಅಮೆರಿಕದಲ್ಲಿ ಮಾಡಿದ್ದೇ ಲೋಹದ ಮೇಲಿನ ನೀರು ಓಡ್ಸಿ ತುಕ್ಕು ತಡೆಯೋಕೆ. ತೇವ, ತುಕ್ಕು ಬಿಡಿಸೋಕೆ ಅದು ಚೆನ್ನಾಗಿದೆ, ಆದ್ರೆ ಬೀಗಕ್ಕೆ ವರ್ಷಗಟ್ಲೆ ನಿಲ್ಲೋ ಜಾರಿಕೆ ಅದರಿಂದ ಸಿಗಲ್ಲ, ಅದು ಆರಿದ್ಮೇಲೆ ಒಣ ಜಾರಿಕೆ ಬೇರೆ ಕೊಡ್ಬೇಕು, ಅದು ಕೊನೇಲಿ ಹೇಳ್ತೀನಿ. ಇಂಜಿನ್ ಆಯಿಲ್, ಗ್ರೀಸ್, ಹೊಲಿಗೆ ಮಿಷಿನ್ ಎಣ್ಣೆ, ಅಡುಗೆ ಎಣ್ಣೆ ಯಾವುದೂ ಬೇಡ. ಹಳ್ಳೀಲಿ ಸ್ಪ್ರೇ ಸಿಗಲ್ಲ ಅಂದ್ರೆ ಒಂದೆರಡು ಹನಿ ಸೀಮೆಎಣ್ಣೆ ಇಲ್ಲ ಡೀಸೆಲ್ ಕೊಳೆ ಕರಗಿಸುತ್ತೆ, ಆದ್ರೆ ವಾಸನೆ ಕ್ಯಾಬಿನ್ ಬಿಟ್ಟು ಹೋಗೋಕೆ ವಾರ ಬೇಕು.

ಕೀ ಸವೆದಿದ್ರೆ

ಹದಿನೈದು ವರ್ಷದ ಗಾಡಿ ಕೀನ ಬೆಳಕಿಗೆ ಹಿಡಿದು ನೋಡಿ, ಹಲ್ಲಿನ ಚೂಪು ಹೋಗಿ ಗುಡ್ಡ ಸವೆದಂಗೆ ಆಗಿರುತ್ತೆ. ಮನೇಲಿ ಎರಡನೇ ಕೀ ಬಳಸದೆ ಇಟ್ಟಿದ್ರೆ ಅದನ್ನ ಹುಡುಕಿ ಹಾಕಿ, ಬಹಳ ಸಲ ಅಲ್ಲಿಗೇ ಕಥೆ ಮುಗಿಯುತ್ತೆ. ಇಲ್ಲ ಅಂದ್ರೆ ಸವೆದ ಕೀನ ಪೂರ್ತಿ ಹಾಕಿ ಒಂದು ಮಿಲಿಮೀಟರ್‌ನಷ್ಟು ಹೊರಗೆ ಎಳೆದು ತಿರುಗಿಸಿ ನೋಡಿ, ಇಲ್ಲ ತಿರುಗಿಸೋ ಬಲ ತುಂಬ ಕಮ್ಮಿ ಇಟ್ಕೊಂಡು ಕೀನ ಮೇಲೆ ಕೆಳಗೆ ಅಲುಗಾಡಿಸಿ. ಎರಡೂ ಕಡೆ ಹಲ್ಲಿರೋ ಕೀ ಆದ್ರೆ ತಿರುವಿ ಹಾಕಿ, ಒಂದ್ ಮುಖ ಕಮ್ಮಿ ಸವೆದಿರುತ್ತೆ. ಕೀ ಬಗ್ಗಿದ್ರೆ ಹಂಗೇ ಹಾಕ್ಬೇಡಿ, ಕಬ್ಬಿಣದ ತುಂಡಿನ ಮೇಲಿಟ್ಟು ಮರದ ಕೊಡತಿಯಿಂದ ತಟ್ಟಿ ನೇರ ಮಾಡ್ಕೊಳ್ಳಿ.

ಡೂಪ್ಲಿಕೇಟ್ ಮಾಡ್ಸೋದಾದ್ರೆ ಸವೆದ ಕೀ ಕೊಟ್ಟು ಇದೇ ಥರ ಮಾಡಿ ಅಂದ್ರೆ ಅದೇ ಥರಾನೇ ಮಾಡ್ತಾರೆ, ಸವೆತಾನೂ ಸೇರಿ. ಕೀ ತಲೆ ಮೇಲೆ, ಇಲ್ಲ ಗಾಡಿ ತಗೊಂಡಾಗ ಕೀ ಜೊತೆ ಬಂದಿದ್ದ ಸಣ್ಣ ತಗಡಿನ ಮೇಲೆ ನಂಬರ್ ಇದ್ರೆ ಅದನ್ನ ತಗೊಂಡ್ ಹೋಗಿ. ಹಾಸನ ಚಿಕ್ಕಮಗಳೂರು ಎರಡೂ ಕಡೆ ಬಸ್ ಸ್ಟ್ಯಾಂಡ್, ಮಾರ್ಕೆಟ್ ಆಸುಪಾಸು ಕೇಳಿದ್ರೆ ಡೂಪ್ಲಿಕೇಟ್ ಕೀ ಮಾಡೋರನ್ನ ತೋರಿಸ್ತಾರೆ, ಅನುಭವ ಇರೋರು ಕೀ ಇಲ್ದೇನೂ ಬೀಗ ನೋಡೇ ಹೊಸದು ಉಜ್ಜಿ ಕೊಡ್ತಾರೆ. ನಿಜ ಹೇಳ್ಬೇಕು ಅಂದ್ರೆ ಸ್ಪ್ರೇ ಹಂತ ದಾಟಿಯೂ ಬರ್ಲಿಲ್ಲ ಅಂದ್ರೆ, ಡ್ರಿಲ್ ಹಿಡಿಯೋದಕ್ಕಿಂತ ಗಾಡಿನ ಅವರ ಹತ್ರ ತಗೊಂಡ್ ಹೋಗೋದೇ ಅಗ್ಗ.

ಕೀ ಒಳಗೇ ಮುರಿದಿದ್ರೆ

ಮೊದ್ಲು ಕೀ ತೂತು ಯಾವ ದಿಕ್ಕಿಗಿದೆ ನೋಡಿ. ಕೀ ಹಾಕೋವಾಗ ಇರೋ ಜಾಗದಿಂದ ಒಂಚೂರು ತಿರುಗಿದ್ರೂ ತುಂಡು ಹೊರಗೆ ಬರಲ್ಲ, ಬಿಲ್ಲೆಗಳು ಹಿಡ್ಕೊಂಡಿರುತ್ತೆ. ಸಣ್ಣ ಸ್ಕ್ರೂ ಡ್ರೈವರ್ ತುದಿಯಿಂದ ಸಿಲಿಂಡರನ್ನ ಮೊದಲಿನ ಜಾಗಕ್ಕೇ ತನ್ನಿ, ಆಮೇಲೆ ಸ್ಪ್ರೇ ಹೊಡೀರಿ. ತುಂಡು ಹೊರಗೆ ಇಣುಕ್ತಿದ್ರೆ ನೋಸ್ ಪ್ಲೇಯರ್ ಸಾಕು. ಒಳಗೆ ಹೋಗ್ಬಿಟ್ಟಿದ್ರೆ ಹಳೆ ವೈಪರ್ ಬ್ಲೇಡ್ ರಬ್ಬರ್ ಪಕ್ಕದಲ್ಲಿ ಎರಡು ತೆಳು ಸ್ಟೀಲ್ ಪಟ್ಟಿ ಇರುತ್ತೆ ನೋಡಿ, ಅದನ್ನ ಎಳೆದು ತೆಗೆದು ತುದಿಗೆ ಅರದಿಂದ ಒಂದು ಸಣ್ಣ ಕೊಕ್ಕೆ ಮಾಡಿ, ಕೀ ಹಲ್ಲಿನ ಕಡೆಯಿಂದ ತೂರಿಸಿ ಹಲ್ಲಿಗೆ ಸಿಗಿಸಿ ಎಳೀರಿ. ಸಣ್ಣ ಗರಗಸದ ಬ್ಲೇಡ್ ಆದ್ರೂ ಆಗುತ್ತೆ, ಅದರ ಹಲ್ಲು ನಿಮ್ಮ ಕಡೆ ಮುಖ ಮಾಡಿರ್ಬೇಕು. ಫೆವಿಕ್ವಿಕ್ ಹಚ್ಚಿ ಅಂಟಿಸಿ ಎಳೆಯೋ ಐಡಿಯಾ ಯಾರಾದ್ರೂ ಕೊಟ್ರೆ ನಮಸ್ಕಾರ ಹೇಳಿ ಕಳಿಸಿ, ಒಂದು ಹನಿ ಬಿಲ್ಲೆ ಮೇಲೆ ಬಿತ್ತೂ ಅಂದ್ರೆ ಆ ಬೀಗ ಸತ್ತಂಗೆ.

ಬಂದ ತುಂಡುಗಳನ್ನ ಬಿಸಾಕ್ಬೇಡಿ, ಎರಡು ತುಂಡೂ ಸೇರಿಸಿಟ್ರೆ ಕೀ ಮಾಡೋರು ಹೊಸದು ಮಾಡ್ಕೊಡ್ತಾರೆ.

ಕೀ ತಿರುಗುತ್ತೆ, ಮುಚ್ಚಳ ಬರಲ್ಲ

ಇಲ್ಲಿ ಬೀಗಕ್ಕೆ ಇನ್ನೂ ಸ್ಪ್ರೇ ಹೊಡೆದು ಪ್ರಯೋಜನ ಇಲ್ಲ. ಸ್ಪ್ರಿಂಗ್ ನಾಲಿಗೆ ಥರದ್ದಾದ್ರೆ ಸಂದಿಯಿಂದ ಪ್ರಯತ್ನ ಮಾಡ್ಬಹುದು. ಸಂದಿಯ ಎರಡೂ ಅಂಚಿಗೆ ಮಾಸ್ಕಿಂಗ್ ಟೇಪ್ ಹಚ್ಚಿ, ಗೀರಾಗೋದ್ ತಪ್ಪುತ್ತೆ. ಎಲ್ರೂ ಹಳೆ ಎಟಿಎಂ ಕಾರ್ಡ್ ತಗೊಂಡು ನೇರ ತುರುಕ್ತಾರೆ, ಅದು ಆಗೋ ಮಾತಲ್ಲ. ಯಾಕಂದ್ರೆ ಮುಚ್ಚಳ ದಬ್ಬಿದಾಗ ತಾನೇ ಕೂರ್ಬೇಕು ಅಂತ ನಾಲಿಗೆಯ ಇಳಿಜಾರು ಮುಖನ ಒಳಗಡೆಗೆ ಇಟ್ಟಿರ್ತಾರೆ, ನಿಮ್ಮ ಕಡೆ ಇರೋದು ಚಪ್ಪಟೆ ಮುಖ, ಕಾರ್ಡ್ ಅದಕ್ಕೆ ಹೋಗಿ ಗುದ್ದುತ್ತೆ ಅಷ್ಟೇ. ಅದೇ ವೈಪರ್ ಪಟ್ಟಿ ಇಲ್ಲ ಸ್ಟೀಲ್ ಪ್ಯಾಕಿಂಗ್ ಪಟ್ಟಿ ತುದಿನ ಎಲ್ ಆಕಾರಕ್ಕೆ ಬಗ್ಗಿಸಿ, ನಾಲಿಗೆ ಪಕ್ಕದಿಂದ ಒಳಗೆ ಬಿಟ್ಟು, ಸರಿಸಿ ನಾಲಿಗೆ ಹಿಂದಕ್ಕೆ ತಂದು ನಿಮ್ಮ ಕಡೆಗೆ ಎಳೀರಿ, ಇಳಿಜಾರಿನ ಮೇಲೆ ಜಾರಿ ನಾಲಿಗೆನ ಒಳಗೆ ತಳ್ಳುತ್ತೆ. ಆ ಹೊತ್ತಿಗೆ ಇನ್ನೊಬ್ರು ಮುಚ್ಚಳನ ಒತ್ತಿ ಹಿಡಿದಿರ್ಬೇಕು. ಕ್ಯಾಮ್ ಲಾಕ್ ಆದ್ರೆ ಇದು ನಡೆಯಲ್ಲ, ಅದರ ಪಟ್ಟಿಗೆ ಸ್ಪ್ರಿಂಗೇ ಇಲ್ಲ, ಒತ್ತಿದ್ರೆ ಸರಿಯೋ ವಸ್ತು ಅಲ್ಲ ಅದು.

ಕ್ಯಾಮ್ ಲಾಕಿಗೆ ದಾರಿ ಹಿಂಜ್. ಸೀಟ್ ಕೆಳಗೆ ತಲೆ ಹಾಕಿ ಟಾರ್ಚ್ ಬಿಟ್ಟು ಮುಚ್ಚಳದ ತಳ ನೋಡಿ, ಹಳೆ ಪಿಕಪ್‌ಗಳಲ್ಲಿ ಹಿಂಜ್ ಸ್ಕ್ರೂಗಳು ಕೆಳಗಿಂದ ಕಾಣೋದು ಉಂಟು, ಇಲ್ಲ ಉದ್ದ ಪಿನ್ ಇರುತ್ತೆ. ಸ್ಕ್ರೂ ಬಿಚ್ಚಿದ್ರೆ ಮುಚ್ಚಳ ಕೆಳಗಡೆಯಿಂದ ಸಡಿಲ ಆಗುತ್ತೆ, ಕೆಳಗಿಂದ ನಿಮ್ಮ ಕಡೆಗೆ ತಂದು ಕೈ ತೂರಿಸಿ ಸಾಮಾನು ತೆಗೀಬಹುದು, ಒಳಗಿಂದ ಬೀಗದ ಹಿಂದಿನ ನಟ್ಟೂ ಕೈಗೆ ಸಿಗುತ್ತೆ. ಕೆಲವು ಗಾಡೀಲಿ ಪೂರ್ತಿ ಬಾಕ್ಸೇ ನಾಲ್ಕೈದು ಸ್ಕ್ರೂನಲ್ಲಿ ಡ್ಯಾಶ್‌ಬೋರ್ಡಿಗೆ ನಿಂತಿರುತ್ತೆ. ಡ್ಯಾಶ್‌ಬೋರ್ಡ್ ಹಿಂದೆ ಕೈ ಹಾಕೋವಾಗ ಬ್ಯಾಟರಿ ನೆಗೆಟಿವ್ ಕಳಚಿ, ಫ್ಯೂಸ್ ಬಾಕ್ಸ್, ವೈರಿಂಗ್ ಅಲ್ಲೇ ಇರುತ್ತೆ. ಪಕ್ಕದ ಸೀಟಿಗೆ ಏರ್‌ಬ್ಯಾಗ್ ಇರೋ ಗಾಡಿ ಆದ್ರೆ ನೀವೇ ಬಿಚ್ಚೋಕ್ ಹೋಗ್ಬೇಡಿ, ಗೊತ್ತಿರೋ ಗ್ಯಾರೇಜಿಗೆ ಕೊಡಿ. ಬಿಚ್ಚಿದ ಸ್ಕ್ರೂಗಳನ್ನ ಒಂದು ಡಬ್ಬಿಗೆ ಹಾಕಿ, ಸೀಟ್ ಕೆಳಗೆ ಬಿದ್ದದ್ದು ಮತ್ತೆ ಸಿಗಲ್ಲ.

ಕೊನೆಗೆ ಡ್ರಿಲ್

ಬೀಗ ಹೋದ್ರೂ ಪರ್ವಾಗಿಲ್ಲ ಬಾಕ್ಸ್ ತೆಗೆಯಲೇಬೇಕು ಅಂದಾಗ ಮಾತ್ರ. ಸ್ಪ್ರೇ ಹೊಡೆದಿದ್ರೆ ಚೆನ್ನಾಗಿ ಒರೆಸಿ ಆರೋಕ್ ಬಿಡಿ, ಅದು ಹತ್ಕೊಳ್ಳೋ ವಸ್ತು. ಕೀ ತೂತಿನ ಮೇಲೆ ಪಂಚ್‌ನಿಂದ ಒಂದು ಗುಳಿ ಮಾಡಿ, ಇಲ್ಲ ಅಂದ್ರೆ ಡ್ರಿಲ್ ಜಾರಿ ಡ್ಯಾಶ್‌ಬೋರ್ಡ್ ಮೇಲೆ ಗೆರೆ ಎಳೆಯುತ್ತೆ. ಮೊದ್ಲು 3 ಎಂಎಂ ಬಿಟ್, ಆಮೇಲೆ 6 ಎಂಎಂ. ಬಿಟ್ ತುದಿಯಿಂದ ಎರಡು ಸೆಂಟಿಮೀಟರ್‌ಗೆ ಟೇಪ್ ಸುತ್ತಿ, ಅದಕ್ಕಿಂತ ಒಳಗೆ ಹೋದ್ರೆ ನಿಮ್ಮ ಆರ್‌ಸಿ ಕಾರ್ಡಿಗೇ ತೂತಾಗ್ಬಹುದು. ಸ್ಪೀಡ್ ಕಮ್ಮಿ, ಕೈ ಹಗುರ, ಸತು ಹಿತ್ತಾಳೆ ಎರಡೂ ಮೆತ್ತಗಿನ ಲೋಹ, ತಾನೇ ಕಡಿಯುತ್ತೆ. ಕನ್ನಡಕ ಹಾಕ್ಕೊಳ್ಳಿ. ಬಿಲ್ಲೆಗಳು ಪುಡಿ ಆದ್ಮೇಲೆ ಚಪ್ಪಟೆ ಸ್ಕ್ರೂ ಡ್ರೈವರ್ ಹಾಕಿ ತಿರುಗಿಸಿದ್ರೆ ಸಿಲಿಂಡರ್ ತಿರುಗುತ್ತೆ. ಲೋಹದ ಚೂರು ಪೂರ್ತಿ ಗುಡಿಸಿ ತೆಗೀರಿ, ವೈರಿಂಗ್ ಮೇಲೆ ಬಿದ್ರೆ ಶಾರ್ಟ್ ಆಗುತ್ತೆ.

ಬಾಡಿ ಪಕ್ಕದ ಟೂಲ್ ಬಾಕ್ಸ್

ಲೋಡ್ ಬಾಡಿ ಕೆಳಗೆ ತಗಡಿನ ಟೂಲ್ ಬಾಕ್ಸ್ ಮಾಡಿಸಿ ನೇತು ಬೀಗ ಹಾಕಿರ್ತಾರಲ್ಲ, ಅದು ಮಳೆ ನೀರು, ಕೆಸರು ಎರಡೂ ತಿನ್ನುತ್ತೆ. ಬೀಗನ ತಲೆಕೆಳಗಾಗಿ ಹಿಡಿದು ಕೀ ತೂತಿಗೂ, ಕಮಾನು ಹೋಗೋ ಎರಡು ತೂತಿಗೂ ಸ್ಪ್ರೇ ಹೊಡೆದು ರಾತ್ರಿ ಪೂರ್ತಿ ಬಿಡಿ. ಬೆಳಿಗ್ಗೆ ಕೀ ಹಾಕಿ ಲಘು ಬಲದಲ್ಲಿ ತಿರುಗಿಸ್ತಾ ಸಣ್ಣ ಸುತ್ತಿಗೆಯಿಂದ ಬೀಗದ ಪಕ್ಕಕ್ಕೆ ಟಕ ಟಕ ಅಂತ ತಟ್ಟಿ. ಬರ್ಲಿಲ್ಲ ಅಂದ್ರೆ ಬೀಗ ಕತ್ತರಿಸೋದೇ, ಬಾಕ್ಸ್ ಅಲ್ಲ. ಆದ್ರೆ ಗ್ರೈಂಡರ್ ಹಚ್ಚೋಕ್ ಮುಂಚೆ ಡೀಸೆಲ್ ಟ್ಯಾಂಕ್ ಎಲ್ಲಿದೆ ನೋಡಿ, ಪಿಕಪ್‌ಗಳಲ್ಲಿ ಟ್ಯಾಂಕೂ ಪಕ್ಕದಲ್ಲೇ ಚಾಸಿಗೆ ನೇತಾಡ್ತಿರುತ್ತೆ, ಕಿಡಿ ಅದರ ಕಡೆ ಹಾರೋ ಹಾಗಿದ್ರೆ ಆಕ್ಸೋ ಬ್ಲೇಡ್‌ನಲ್ಲಿ ಕೈಯಿಂದಾನೇ ಕೊಯ್ಯಿರಿ, ಬೆವರು ಬಂದ್ರೆ ಬರ್ಲಿ. ಹೊಸ ಬೀಗಕ್ಕೆ ಹಳೆ ಟ್ಯೂಬ್ ತುಂಡು ಕತ್ತರಿಸಿ ಮೇಲೆ ಕವಚದ ಥರ ನೇತು ಹಾಕಿ.

ತೆಗೆದಾದ್ಮೇಲೆ ಹಂಗೇ ಮುಚ್ಚಬೇಡಿ

ಮುಚ್ಚಳ ತೆಗೆದಿಟ್ಕೊಂಡೇ ಬೀಗನ ಹತ್ತಾರು ಸಲ ಆಡಿಸಿ, ಹಿಂದಿನ ಪಟ್ಟಿಯ ಸ್ಕ್ರೂ ಬಿಗಿ ಮಾಡಿ. ನಾಲಿಗೆ ಕೂರೋ ತಗಡಿನ ಸ್ಕ್ರೂ ತೂತು ಉದ್ದಕ್ಕಿದ್ರೆ ಸಡಿಲ ಮಾಡಿ ಒಂದೆರಡು ಮಿಲಿಮೀಟರ್ ಸರಿಸಿ, ನಾಲಿಗೆಗೆ ಎಲ್ಲಿ ಒತ್ತಿ ಒತ್ತಿ ಹೊಳಪು ಬಂದಿದೆ ಅನ್ನೋದೇ ಯಾವ ಕಡೆ ಸರಿಸ್ಬೇಕು ಅಂತ ಹೇಳುತ್ತೆ. ಹಿಂಜ್ ಪಿನ್ ಸವೆದಿದ್ರೆ ಅದನ್ನ ಬದಲಾಯಿಸ್ದೆ ಬೀಗ ಬದಲಾಯಿಸಿದ್ರೆ ಮುಂದಿನ ಮಳೆಗಾಲಕ್ಕೆ ಮತ್ತೆ ಇದೇ ಕಥೆ.

ಬೀಗ ಪೂರ್ತಿ ಹೋಗಿದ್ರೆ ಕಂಪನಿ ಪಾರ್ಟೇ ಬೇಕು ಅಂತ ಇಲ್ಲ. ಹಳೆ ಬೀಗನ ಕೈಲಿ ಹಿಡ್ಕೊಂಡು ಹಾರ್ಡ್‌ವೇರ್ ಅಂಗಡಿಗೆ ಹೋಗಿ, ತೂತಿನ ಅಗಲ, ಬೀಗದ ಉದ್ದ, ಪಟ್ಟಿ ಉದ್ದ, ಪಟ್ಟಿ ನೇರ ಇದ್ಯಾ ಬಗ್ಗಿದ್ಯಾ, ಈ ನಾಲ್ಕು ಹೊಂದಿದ್ರೆ ಫರ್ನಿಚರ್ ಕ್ಯಾಮ್ ಲಾಕೇ ಕೂರುತ್ತೆ.

ಇನ್ನು ಜಾರಿಕೆ. ಸ್ಪ್ರೇ ಪೂರ್ತಿ ಆರಿದ್ಮೇಲೆ ಗ್ರಾಫೈಟ್ ಪುಡಿ ಊದಿ, ಸಿಗದಿದ್ರೆ 2ಬಿ ಇಲ್ಲ 4ಬಿ ಪೆನ್ಸಿಲ್ ಸೀಸನ ಕೀ ಎರಡೂ ಕಡೆ ದಪ್ಪವಾಗಿ ತಿಕ್ಕಿ ಒಳಗೆ ಹೊರಗೆ ಆಡಿಸಿ. ಗ್ರಾಫೈಟ್ ಹಾಕಿದ್ ಬೀಗಕ್ಕೆ ಮತ್ತೆ ಎಣ್ಣೆ ಹಾಕ್ಬೇಡಿ, ಎರಡೂ ಸೇರಿದ್ರೆ ಗಟ್ಟಿ ಕೆಸರು. ಪೆನ್ಸಿಲ್ ಕಪ್ಪು ಕೈಗೆ ಹತ್ತೋದು ಬೇಡ ಅನ್ನೋರು ಒಣಗೋ ಥರದ ಸಿಲಿಕೋನ್ ಸ್ಪ್ರೇ ಬಳಸಿ. ಮೇ ಕೊನೆಗೆ ಮಳೆ ಹಿಡಿಯೋಕ್ ಮುಂಚೆ ಒಂದ್ಸಲ, ದಸರಾ ಆಯುಧ ಪೂಜೆ ಹೊತ್ತಿಗೆ ಗಾಡಿ ತೊಳೆಯೋವಾಗ ಒಂದ್ಸಲ ಸಾಕು. ಅಂದ ಹಾಗೆ ವಾಟರ್ ಸರ್ವಿಸ್ ಮಾಡೋವ್ರಿಗೆ ಡ್ಯಾಶ್‌ಬೋರ್ಡ್ ಕಡೆ ಪೈಪ್ ಹಿಡೀಬೇಡಿ ಅಂತ ಹೇಳಿ, ಕೆಸರು ಜಾಸ್ತಿ ಇದೆ ಅಂತ ಕ್ಯಾಬಿನ್ ಒಳಗೂ ಹೊಡೆದ್ಬಿಡ್ತಾರೆ.

ಸ್ಪಾನರ್, ಜಾಕ್ ಹಿಡಿ ಎಲ್ಲಾ ಸೀಟ್ ಹಿಂದೆ ಚೀಲಕ್ಕೆ ಹೋಗ್ಲಿ, ಬಾಕ್ಸಲ್ಲಿ ಪೇಪರ್ ಫೈಲ್ ಒಂದು, ಅದೂ ನಿಲ್ಲಿಸಿ ಅಲ್ಲ ಮಲಗಿಸಿ. ಎರಡನೇ ಕೀನ ಗಾಡಿಯೊಳಗೆ ಬಚ್ಚಿಡದೆ ಮನೇಲಿಡಿ, ಅದಕ್ಕೊಂದು ಚೀಟಿ ಕಟ್ಟಿ ಯಾವ ಗಾಡಿ, ಯಾವ ಬೀಗ ಅಂತ ಬರೆದಿಡಿ.